ಹಾಲುಹಲ್ಲು ಹೇಳಿದ ಮಾತು

ಮಗುವಿನ ಮೊದಲ ಹಾಲುಹಲ್ಲು ಬಿದ್ದ ದಿನ ಮನೆಯಲ್ಲಿ ಎಷ್ಟು ಸಂಭ್ರಮ ನೋಡಿ. ಸಗಣಿಯುಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯಬೇಕು ಎಂದು ಅಜ್ಜಿ ಹೇಳಿದರೆ, ಗಿಡದ ಬುಡದಲ್ಲಿ ಹೂಳೋಣ ಎಂದು ಇನ್ನೊಬ್ಬರು ಹೇಳುತ್ತಾರೆ. ಹೆಂಚಿನ ಮನೆಯೇ ಇಲ್ಲದ ಊರಿನಲ್ಲಿ, ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯಲ್ಲಿ ಇರುವವರು ಎಲ್ಲಿಗೆ ಎಸೆಯಬೇಕು ಎಂಬುದೂ ಚರ್ಚೆಗೆ ಬರುತ್ತದೆ. ಯಾರ ಮಾತು ನಡೆದರೂ ಎಲ್ಲರ ಆಸೆ ಒಂದೇ, ಹೊಸ ಹಲ್ಲು ನೆಟ್ಟಗೆ ಬರಲಿ ಎಂಬುದು. ಬಿದ್ದ ಹಲ್ಲಿನ ಕಥೆ ಮಾತ್ರ ಅಲ್ಲಿಗೇ ಮುಗಿಯಿತು.

ಆದರೆ ಮುಗಿಯಬೇಕಿಲ್ಲ. ಹಾಲುಹಲ್ಲು ಮಗುವಿನ ಮೈಯಲ್ಲಿ ಬರೆದಿಟ್ಟ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ. ಯಾವ ಕಾಲದಲ್ಲಿ ಏನು ಒಳಗೆ ಹೋಯಿತು ಎಂಬುದೆಲ್ಲ ಅಲ್ಲಿ ಜಮೆಯಾಗಿರುತ್ತದೆ. ಹಲ್ಲು ರೂಪುಗೊಳ್ಳುವಾಗ ಮೈಗೆ ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂನ ಹಾಗೆಯೇ ನಡೆದುಕೊಳ್ಳುವ ಬೇರೆ ವಸ್ತು ಒಳಗೆ ಬಂದರೆ ಮೈ ಅದನ್ನೂ ಹಲ್ಲಿಗೆ, ಮೂಳೆಗೆ ಸೇರಿಸಿಬಿಡುತ್ತದೆ. ರಕ್ತದಲ್ಲಿ ಬಂದದ್ದು ಕೆಲವು ತಿಂಗಳಲ್ಲಿ ಕಡಿಮೆಯಾದೀತು. ಹಲ್ಲಿಗೆ ಸೇರಿದ್ದು ಹಲ್ಲು ಬೀಳುವ ತನಕ ಅಲ್ಲೇ ಇರುತ್ತದೆ. ಇಷ್ಟು ತಿಳಿದಿದ್ದ ಕೆಲವು ವೈದ್ಯರು ಮಕ್ಕಳ ಬಿದ್ದ ಹಲ್ಲುಗಳನ್ನು ಆಯ್ದು ಇಟ್ಟುಕೊಂಡು ಸರ್ಕಾರಗಳ ಮುಂದೆ, ದೊಡ್ಡ ಕಂಪನಿಗಳ ಮುಂದೆ ನಿಂತರು ಎಂದರೆ ನಂಬುತ್ತೀರಾ? ಅವರ ಕಥೆ ಹೇಳೋಣ ಎಂದೇ ಕೂತಿದ್ದೇನೆ. ದಾರಿಯಲ್ಲಿ ಬೇರೆಯವರೂ ಸಿಗುತ್ತಾರೆ, ಸಿಗಲಿ.

ಮೊದಲ ಹಲ್ಲು ಸಿಗುವುದು ಅಮೆರಿಕದ ಮಿಸಿಸಿಪ್ಪಿ ನದಿಯ ದಡದ ಸೇಂಟ್ ಲೂಯಿಸ್‌ನಲ್ಲಿ. 1950ರ ದಶಕದಲ್ಲಿ ಅಮೆರಿಕ, ರಷ್ಯಾ ಎರಡೂ ಬಯಲಲ್ಲೇ ಅಣುಬಾಂಬು ಸಿಡಿಸಿ ಪರೀಕ್ಷಿಸುತ್ತಿದ್ದವು. ಅದರಿಂದ ಹೊರಬೀಳುವ ಸ್ಟ್ರಾನ್ಷಿಯಂ-90 ಎಂಬ ವಿಕಿರಣ ವಸ್ತು ಗಾಳಿಯಲ್ಲಿ ತೇಲಿ ಮಳೆಯ ಜೊತೆ ಹುಲ್ಲಿಗೆ ಇಳಿಯುತ್ತಿತ್ತು. ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ಮಗುವಿಗೆ. ಆ ಸ್ಟ್ರಾನ್ಷಿಯಂ ಅರ್ಧವಾಗಲು ಸುಮಾರು 29 ವರ್ಷ ಬೇಕು. ಚಿಂತೆಗೆ ಕಾರಣವಿಲ್ಲ ಎಂದು ಸರ್ಕಾರದ ಕಡೆಯವರು ಹೇಳುತ್ತಿದ್ದರು. ಅನುಮಾನಪಟ್ಟವರನ್ನು ದೇಶದ್ರೋಹಿಗಳ ಹಾಗೆ ನೋಡುವ ಕಾಲ ಅದು. 1958ರಲ್ಲಿ ಆ ಊರಿನ ವೈದ್ಯರು, ವಿಜ್ಞಾನಿಗಳು, ಗೃಹಿಣಿಯರು ಸೇರಿ ಒಂದು ಸಮಿತಿ ಮಾಡಿಕೊಂಡು ಮಕ್ಕಳ ಹಾಲುಹಲ್ಲು ಸಂಗ್ರಹಿಸಲು ಹೊರಟರು. ಅದನ್ನು ಮುನ್ನಡೆಸಿದವರು ಲೂಯಿಸ್ ರೀಸ್ ಎಂಬ ವೈದ್ಯೆ. ಜೊತೆಗಿದ್ದವರು ಸಸ್ಯವಿಜ್ಞಾನಿ ಬ್ಯಾರಿ ಕಾಮನರ್.

ಹಲ್ಲು ಕೊಟ್ಟ ಮಗುವಿಗೆ ಒಂದು ಬಿಲ್ಲೆ ಸಿಗುತ್ತಿತ್ತು. ಹಲ್ಲುಬಿದ್ದ ಹುಡುಗನ ನಗುಮುಖ, ಸುತ್ತ ‘ನನ್ನ ಹಲ್ಲನ್ನು ವಿಜ್ಞಾನಕ್ಕೆ ಕೊಟ್ಟೆ’ ಎಂಬ ಅರ್ಥದ ಬರಹ. ಯಾವ ಮಗು ಬಿಟ್ಟೀತು? ಶಾಲೆ, ಚರ್ಚು, ಗ್ರಂಥಾಲಯ, ದಂತವೈದ್ಯರ ಕೋಣೆ, ಎಲ್ಲ ಕಡೆಯಿಂದ ಹಲ್ಲು ಬಂದು ಬಿತ್ತು. ಹನ್ನೆರಡು ವರ್ಷ ನಡೆದ ಆ ಕೆಲಸದಲ್ಲಿ ಕೂಡಿದ್ದು ಸುಮಾರು 3 ಲಕ್ಷ 20 ಸಾವಿರ ಹಲ್ಲು! 1961ರ ಕೊನೆಗೆ ರೀಸ್ ಅವರ ಮೊದಲ ಫಲಿತಾಂಶ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಬಾಂಬು ಪರೀಕ್ಷೆಗಳು ಹೆಚ್ಚಿದ ಹಾಗೆ ಹಲ್ಲಿನೊಳಗಿನ ಸ್ಟ್ರಾನ್ಷಿಯಂ ಕೂಡ ಏರುತ್ತ ಬಂದದ್ದು ಅದರಲ್ಲಿ ಕಾಣುತ್ತಿತ್ತು. ಆಮೇಲೊಂದು ದಿನ ರೀಸ್ ಅವರ ಮನೆಯ ಫೋನು ಬಡಿದುಕೊಂಡಿತು. ಎತ್ತಿದವನು ಅವರ ಪುಟ್ಟ ಮಗ. ಆ ಕಡೆ ಇದ್ದವರು ಅಧ್ಯಕ್ಷ ಕೆನಡಿ, ಅಮ್ಮನ ಹತ್ತಿರ ಮಾತಾಡಬೇಕು ಎಂದರು. 1963ರ ಆಗಸ್ಟಿನಲ್ಲಿ ಬಯಲಿನ ಅಣುಪರೀಕ್ಷೆ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಹಲ್ಲೊಂದೇ ಅದನ್ನು ಮಾಡಿಸಿತು ಎಂದು ನಾನು ಹೇಳುವುದಿಲ್ಲ. ದೇಶದೇಶಗಳ ರಾಜಕೀಯದ ಲೆಕ್ಕ ಬೇರೆಯೂ ಇತ್ತು. ಆದರೆ ಎಷ್ಟೋ ತಾಯಂದಿರು ‘ಇದು ನಮ್ಮ ಮಗುವಿನ ಬಾಯಿಯ ಮಾತು’ ಎಂದು ಎದ್ದು ನಿಂತದ್ದು ಆ ಹಲ್ಲುಗಳಿಂದ.

ಇಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವ ಸಂಗತಿ ಇನ್ನೊಂದಿದೆ. ಬಾಂಬು ಬೇಕೋ ಬೇಡವೋ ಎಂದು ತೀರ್ಮಾನಿಸುವುದು ವಿಜ್ಞಾನಿಯ ವಿಶೇಷ ಹಕ್ಕಲ್ಲ ಎಂದು ಕಾಮನರ್ ಮತ್ತು ಅವರ ಜೊತೆಗಾರರು ನಂಬಿದ್ದರು. ಅದು ಎಲ್ಲ ನಾಗರಿಕರ ಹಕ್ಕು. ವಿಜ್ಞಾನಿಯ ಕರ್ತವ್ಯವೆಂದರೆ ತೀರ್ಮಾನಕ್ಕೆ ಬೇಕಾದ ವಿಷಯವನ್ನು ಎಲ್ಲರಿಗೂ ಅರ್ಥವಾಗುವ ಹಾಗೆ ತಂದು ಮುಂದಿಡುವುದು. ಎಷ್ಟು ದೊಡ್ಡ ಮಾತು! ಪ್ರಜಾಪ್ರಭುತ್ವದ ಮೇಲೆ ಇಷ್ಟು ಗೌರವ ಇಟ್ಟವರು ಪ್ರಯೋಗಾಲಯದಲ್ಲೂ ಇದ್ದರಲ್ಲ ಎಂದು ಸಂತೋಷವಾಗುತ್ತದೆ.

ಆದರೆ ವಿಷಯ ಮುಂದಿಟ್ಟರೆ ಸಾಕೇ? ಕೇಳುವವರಿಗೆ ಮಾಡಲು ದಾರಿಯೇ ಇಲ್ಲದಿದ್ದರೆ? ಈ ಪ್ರಶ್ನೆ ಕೇಳಿಕೊಂಡೇ ಬಂದವರು ಎರಡನೆಯ ಹಲ್ಲಿನ ಕಥೆಯ ವೈದ್ಯ, ಹರ್ಬರ್ಟ್ ನೀಡಲ್‌ಮನ್. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಎಳೆಯ ವೈದ್ಯರಾಗಿದ್ದಾಗ ಸೀಸದ ವಿಷವೇರಿದ ಪುಟ್ಟ ಹುಡುಗಿಯೊಬ್ಬಳನ್ನು ಅವರು ಬದುಕಿಸಿದರು. ಹಳೆಯ ಮನೆಗಳ ಗೋಡೆಯ ಬಣ್ಣದಲ್ಲಿ ಸೀಸ ಇರುತ್ತಿತ್ತು. ಉದುರಿದ ಬಣ್ಣದ ಚಕ್ಕೆ ಮಕ್ಕಳ ಬಾಯಿಗೆ ಹೋಗುತ್ತಿತ್ತು. ಮಗು ಚೇತರಿಸಿಕೊಂಡ ಮೇಲೆ, ಮತ್ತೆ ಅದೇ ಮನೆಗೆ ಹೋಗಬೇಡಿ ಎಂದು ತಾಯಿಗೆ ತಿಳಿಹೇಳಿದರು. ನನ್ನ ಕೈಗೆ ಎಟುಕುವ ಬಾಡಿಗೆಯ ಮನೆಗಳೆಲ್ಲ ಇಂಥವೇ, ಎಲ್ಲಿಗೆ ಹೋಗಲಿ ಎಂದು ಆಕೆ ಕೇಳಿದಳು. ಔಷಧ ಕೊಟ್ಟರೆ ಸಾಲದು, ಈ ರೋಗ ಇರುವುದು ಆ ಹೆಣ್ಣುಮಗಳ ಬಡತನದಲ್ಲಿ, ಆ ಮನೆಯ ಗೋಡೆಯಲ್ಲಿ ಎಂದು ನೀಡಲ್‌ಮನ್ ಅವರಿಗೆ ಅಂದು ಮನದಟ್ಟಾಯಿತು. ರೋಗಿಯ ಪಕ್ಕ ನಿಂತ ವೈದ್ಯ ರಾಜಕೀಯಕ್ಕೆ ಕಾಲಿಡುವುದು ಬಹಳ ಸಲ ಹೀಗೆಯೇ. ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ, ತಾಯಿಯ ಒಂದು ಪ್ರಶ್ನೆ ಕೈಹಿಡಿದು ಕರೆದುಕೊಂಡು ಹೋಗುತ್ತದೆ.

ಸೀಸ ಗೋಡೆಯಲ್ಲಷ್ಟೇ ಇರಲಿಲ್ಲ, ರಸ್ತೆಯಲ್ಲೂ ಇತ್ತು. ಇದಕ್ಕೆ ಸ್ವಲ್ಪ ಹಿಂದಕ್ಕೆ, 1923ಕ್ಕೆ ಹೋಗಿಬರಬೇಕು. ಕಾರಿನ ಎಂಜಿನ್ ಬಡಿದುಕೊಳ್ಳದಿರಲಿ ಎಂದು ಪೆಟ್ರೋಲಿಗೆ ಸೀಸದ ದ್ರವ ಬೆರೆಸಿ ಮಾರಲು ಶುರುಮಾಡಿದ ವರ್ಷ ಅದು. ಮರುವರ್ಷವೇ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಆ ದ್ರವ ತಯಾರಿಸುತ್ತಿದ್ದ ಕೆಲಸಗಾರರಿಗೆ ಬುದ್ಧಿಭ್ರಮಣೆಯಾಯಿತು, ಐವರು ಸತ್ತರು. ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಕಂಡುಹಿಡಿದ ಥಾಮಸ್ ಮಿಡ್ಗ್‌ಲಿ ಪತ್ರಕರ್ತರ ಎದುರು ಆ ದ್ರವದಲ್ಲಿ ಕೈ ತೊಳೆದು, ಇದರಿಂದ ಏನೂ ಆಗದು ಎಂದು ತೋರಿಸಿದರು. ಅದಕ್ಕೆ ಮುಂಚೆಯೇ ಅವರಿಗೂ ಸೀಸದ ವಿಷ ತಗುಲಿ ಚೇತರಿಸಿಕೊಳ್ಳಲು ರಜೆ ಹಾಕಬೇಕಾಗಿ ಬಂದಿತ್ತು.

1925ರಲ್ಲಿ ಸರ್ಕಾರ ಎಲ್ಲರನ್ನೂ ಕರೆದು ಸಭೆ ನಡೆಸಿತು. ಅಲ್ಲಿ ಎದ್ದು ನಿಂತು ಬೇಡ ಎಂದವರಲ್ಲಿ ಒಬ್ಬರು ಡಾ. ಆಲಿಸ್ ಹ್ಯಾಮಿಲ್ಟನ್. ಈಕೆಯ ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಕಾರ್ಖಾನೆಗಳಿಗೆ, ಕೆಲಸಗಾರರ ಮನೆಗಳಿಗೆ ತಾವೇ ಹೋಗಿ ಯಾವ ಕೆಲಸ ಯಾವ ರೋಗ ತರುತ್ತದೆ ಎಂದು ದಾಖಲಿಸಿದ ಮಹಾತಾಯಿ. 1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಕೆಲಸ ಕೊಟ್ಟ ಮೊದಲ ಮಹಿಳಾ ಅಧ್ಯಾಪಕಿ. ಆದರೂ ಘಟಿಕೋತ್ಸವದ ಮೆರವಣಿಗೆಯಲ್ಲಿ ಹೆಜ್ಜೆಹಾಕುವಂತಿರಲಿಲ್ಲ, ಅಧ್ಯಾಪಕರ ಕ್ಲಬ್ಬಿನೊಳಗೆ ಕಾಲಿಡುವಂತಿರಲಿಲ್ಲ. ಅಂಥ ಕಡೆ ಇದ್ದುಕೊಂಡೂ ಕಂಡದ್ದನ್ನು ಹೇಳುವ ಧೈರ್ಯ ಕಳೆದುಕೊಳ್ಳಲಿಲ್ಲ. ನೂರೊಂದು ವರ್ಷ ಬಾಳಿದರು.

ಆ ಸಭೆಯಲ್ಲಿ ಗೆದ್ದದ್ದು ಮಾತ್ರ ಇನ್ನೊಂದು ಮಾತು. ಸೀಸದ ಉದ್ಯಮದ ಹಣದಲ್ಲಿ ಸಂಶೋಧನೆ ಮಾಡುತ್ತಿದ್ದ ಡಾ. ರಾಬರ್ಟ್ ಕೀಹೋ ಅವರ ವಾದ ಸರಳವಾಗಿತ್ತು. ಅಪಾಯ ಇದೆ ಎಂದು ಮೊದಲು ತೋರಿಸಿ, ಆಮೇಲೆ ನಿಲ್ಲಿಸೋಣ. ಕೇಳಲು ನ್ಯಾಯವಾಗಿಯೇ ಇದೆ ಅಲ್ಲವೇ? ಆದರೆ ತೋರಿಸುವ ತನಕ ಕಾಯುವವರು ಯಾರು ಎಂದು ಯೋಚಿಸಿ ನೋಡಿ. ಕಂಪನಿ ಕಾಯುವುದಿಲ್ಲ, ಅದರ ವ್ಯಾಪಾರ ನಡೆದೇ ಇರುತ್ತದೆ. ಕಾಯಬೇಕಾದದ್ದು ರಸ್ತೆಬದಿಯಲ್ಲಿ ಆಡುವ ಮಗು, ಆ ಗಾಳಿಯನ್ನೇ ಉಸಿರಾಡುತ್ತ. ಈ ಒಂದು ವಾದ ಸುಮಾರು ನಲವತ್ತು ವರ್ಷ ನಡೆಯಿತು. ಆ ನಲವತ್ತು ವರ್ಷದಲ್ಲಿ ಈ ವಿಷಯ ಬಲ್ಲವರು ಎಂದರೆ ಹೆಚ್ಚಾಗಿ ಉದ್ಯಮದ ಹಣ ಪಡೆದವರೇ. ಅದಕ್ಕೇ ನನಗೆ ಅನ್ನಿಸುತ್ತದೆ, ಸಂಶೋಧಕರು ಬಾಯಿಮುಚ್ಚಿ ಕೂತರೆ ಅದು ಯಾರ ಪಕ್ಷವನ್ನೂ ವಹಿಸದ ಹಾಗೆ ಆಗುವುದಿಲ್ಲ. ಇದ್ದದ್ದು ಇದ್ದ ಹಾಗೇ ನಡೆಯಲಿ ಎಂಬ ಪಕ್ಷಕ್ಕೆ ಅದು ಬಲ ಕೊಡುತ್ತದೆ.

ಸರಿ, ಹಲ್ಲಿಗೆ ಬರೋಣ. ವಿಷವೇರಿ ಆಸ್ಪತ್ರೆಗೆ ಬಂದ ಮಗುವಿನ ಮಾತು ಎಲ್ಲರಿಗೂ ಗೊತ್ತು. ಹೊರಗೆ ಏನೂ ಕಾಣಿಸದೆ, ಸ್ವಲ್ಪಸ್ವಲ್ಪವೇ ಸೀಸ ಒಳಗೆ ಹೋದ ಮಗುವಿನ ಗತಿ ಏನು ಎಂಬುದು ನೀಡಲ್‌ಮನ್ ಪ್ರಶ್ನೆ. ಬಾಸ್ಟನ್ ಬಳಿಯ ಚೆಲ್ಸೀ, ಸಾಮರ್‌ವಿಲ್ ಊರುಗಳ ಒಂದನೇ, ಎರಡನೇ ತರಗತಿಯ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಹಾಲುಹಲ್ಲು ಕೂಡಿಸಿದರು. ಮೇಷ್ಟರುಗಳಿಗೆ ಹಲ್ಲಿನ ಗುಟ್ಟು ಹೇಳದೆ, ಈ ಮಗು ಗಮನವಿಟ್ಟು ಕೂರುತ್ತದೆಯೇ, ಹೇಳಿದ್ದನ್ನು ಅನುಸರಿಸುತ್ತದೆಯೇ ಎಂದು ಕೇಳಿದರು. ಹಲ್ಲಿನಲ್ಲಿ ಸೀಸ ಹೆಚ್ಚಿದಷ್ಟೂ ಮೇಷ್ಟರ ದೂರು ಹೆಚ್ಚಿತ್ತು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಹೆಚ್ಚು ಸೀಸದ ಮಕ್ಕಳು ಸರಾಸರಿ ನಾಲ್ಕೂವರೆ ಅಂಕ ಹಿಂದಿದ್ದರು. 1979ರಲ್ಲಿ ಇದು ಪ್ರಕಟವಾಯಿತು. ನಾಲ್ಕೂವರೆ ಅಂಕ ಯಾವ ಲೆಕ್ಕ ಎನ್ನುತ್ತೀರಾ? ಒಂದು ಮಗುವಿಗೆ ಗೊತ್ತಾಗದೇ ಹೋದೀತು. ಇಡೀ ದೇಶದ ಮಕ್ಕಳ ಸರಾಸರಿ ಅಷ್ಟು ಕೆಳಗಿಳಿದರೆ, ತೀರಾ ಹಿಂದುಳಿಯುವ ಮಕ್ಕಳ ಸಂಖ್ಯೆ ಎಷ್ಟೋ ಪಟ್ಟು ಏರುತ್ತದೆ. ಅದೇ ಮಕ್ಕಳನ್ನು ಬೆಳೆದ ಮೇಲೆ ಹುಡುಕಿಕೊಂಡು ಹೋಗಿ 1990ರಲ್ಲಿ ಮತ್ತೆ ಬರೆದರು. ಹೆಚ್ಚು ಸೀಸವಿದ್ದವರಲ್ಲಿ ಹೈಸ್ಕೂಲು ಮುಗಿಸದೆ ಬಿಟ್ಟವರು ಏಳು ಪಟ್ಟು.

ಇಷ್ಟಾದ ಮೇಲೆ ಸನ್ಮಾನ ಆಗಬೇಕಿತ್ತು. ಆದದ್ದು ಆಪಾದನೆ. 1991ರಲ್ಲಿ, ಸೀಸದ ಮೊಕದ್ದಮೆಯೊಂದರಲ್ಲಿ ಕಂಪನಿಗಳ ಪರ ತಜ್ಞರಾಗಿದ್ದ ಇಬ್ಬರು ಮನಶ್ಶಾಸ್ತ್ರಜ್ಞರು, ನೀಡಲ್‌ಮನ್ ಅಂಕಿಅಂಶ ತಿರುಚಿದ್ದಾರೆ ಎಂದು ದೂರು ಕೊಟ್ಟರು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ಬೇಡ, ಎಲ್ಲರೂ ನೋಡುವ ಹಾಗೆ ನಡೆಯಲಿ ಎಂದು ನೀಡಲ್‌ಮನ್ ಪಟ್ಟುಹಿಡಿದರು. 1992ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬಹಿರಂಗವಾಗಿಯೇ ನಡೆಯಿತು. ಲೆಕ್ಕದಲ್ಲಿ ಕೆಲವು ತಪ್ಪುಗಳಿದ್ದವು, ಮೋಸ ಇರಲಿಲ್ಲ. ತಪ್ಪು ತಿದ್ದಿದ ಮೇಲೂ ಫಲಿತಾಂಶ ಹಾಗೇ ನಿಂತಿತು. ಬಾಗಿಲು ತೆರೆಯಿರಿ ಎಂದು ಆಪಾದಿತನೇ ಕೇಳಿದ್ದು ನನಗೆ ಬಹಳ ಮುಖ್ಯ. ತನ್ನ ಕಡತವನ್ನು ಊರಿನ ಮುಂದೆ ಬಿಚ್ಚಿಡಬಲ್ಲವನ ಮಾತಿಗೆ ಬೇರೆಯೇ ತೂಕ.

ಆಪಾದನೆ ಎಂದ ಕೂಡಲೇ ನಮ್ಮ ನೆಲದ ಇನ್ನೊಂದು ಕಥೆ ನೆನಪಿಗೆ ಬರುತ್ತದೆ. ವಾಲ್ಡೆಮಾರ್ ಹಾಫ್‌ಕಿನ್, ಒಡೆಸ್ಸಾದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡಿ ಬಂದ ಯಹೂದಿ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಕೆಲವೇ ತಿಂಗಳಲ್ಲಿ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಅದೇ ವರ್ಷ ಪುಣೆಯಲ್ಲಿ ಪ್ಲೇಗಿನ ಹೆಸರಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗಿ ಹೆಂಗಸರು ಮಕ್ಕಳೆನ್ನದೆ ತಪಾಸಣೆ ಮಾಡಿದ್ದು, ಚಾಫೇಕರ್ ಸೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಗುಂಡಿಟ್ಟು ಕೊಂದದ್ದು ನಿಮಗೆ ಗೊತ್ತೇ ಇದೆ. ಆಡಳಿತದ ಮೇಲೆ ಅಷ್ಟು ಸಿಟ್ಟಿದ್ದಾಗ ಅದೇ ಆಡಳಿತದ ಸೂಜಿಗೆ ತೋಳು ಕೊಡುವುದು ಹೇಗೆ? ಆದರೂ 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಆ ಲಸಿಕೆ ಹಾಕಿಸಿಕೊಂಡರು. ಇಲಿ ಬಿತ್ತು ಎಂದರೆ ಊರಿಗೆ ಊರೇ ಖಾಲಿಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ. ಆ ವರ್ಷದ ಪ್ಲೇಗಿನಿಂದಲೇ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡವು, ಪ್ಲೇಗಮ್ಮನಿಗೆ ಗುಡಿಗಳಾದವು. ಅದೊಂದು ದೊಡ್ಡ ಪುರಾಣ, ಇನ್ನೊಂದು ಸಂಜೆಗೆ ಇಟ್ಟುಕೊಳ್ಳೋಣ.

ಹಾಫ್‌ಕಿನ್ ಅವರಿಗೆ ಬಂದ ಕಷ್ಟ ಹೇಳುತ್ತಿದ್ದೆ. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ತಯಾರಿಕೆಯ ವಿಧಾನ ಬದಲಿಸಿದ್ದೇ ಕಾರಣ ಎಂದು ಹಾಫ್‌ಕಿನ್ ಅವರ ಪ್ರಯೋಗಾಲಯದ ಮೇಲೆ ಹೊರಿಸಿದರು, ಕೆಲಸದಿಂದ ಇಳಿಸಿದರು. ಹಳ್ಳಿಯಲ್ಲಿ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದದ್ದು, ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದು ಕಡತದಲ್ಲೇ ಇತ್ತು. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದ ಮೇಲೆಯೇ ಹಾಫ್‌ಕಿನ್ ನಿರ್ದೋಷಿ ಎಂದು ಒಪ್ಪಿದ್ದು. ನಡುವೆ ಕಳೆದುಹೋದ ಆ ಐದು ವರ್ಷಗಳ ನಷ್ಟ ಹಾಫ್‌ಕಿನ್ ಒಬ್ಬರದೇ ಅಲ್ಲ. ಲಸಿಕೆಯ ಮೇಲಿನ ನಂಬಿಕೆ ಮುರಿದು ಎಷ್ಟು ಊರುಗಳು ತೋಳು ಕೊಡದೆ ಉಳಿದವೋ! ಸಂಶೋಧಕನಿಗೆ ಜೊತೆಗಾರರು ಬೇಕು ಎಂದು ಅದಕ್ಕೇ ಹೇಳುತ್ತೇನೆ. ಒಬ್ಬನೇ ನಿಂತರೆ ನಿಜವೂ ನಿಧಾನವಾಗುತ್ತದೆ.

ಮತ್ತೆ ಸೀಸಕ್ಕೆ ಬರೋಣ, ಈಗ ನಮ್ಮ ಬೆಂಗಳೂರಿಗೆ. ಅಮೆರಿಕದಲ್ಲಿ 1976ರಿಂದ 1980ರೊಳಗೆ ಪೆಟ್ರೋಲಿನ ಸೀಸ ಇಳಿದ ಹಾಗೆ ಜನರ ರಕ್ತದ ಸೀಸವೂ ಸುಮಾರು ಶೇಕಡಾ 37ರಷ್ಟು ಇಳಿದಿತ್ತು. ಎರಡೂ ಗೆರೆ ಜೊತೆಜೊತೆಯಾಗಿ ಕೆಳಗೆ ಬಂದಿದ್ದವು. ಅದನ್ನು ನೋಡಿದ ಮೇಲೂ ನಮ್ಮ ರಸ್ತೆಗಳಲ್ಲಿ ಸೀಸದ ಪೆಟ್ರೋಲು ಓಡುತ್ತಲೇ ಇತ್ತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ವೆಂಕಟೇಶ್ ತುಪ್ಪಿಲ್ ಅವರಂಥವರು ಸೇರಿ ಬೆಂಗಳೂರು, ಚೆನ್ನೈ, ಮುಂಬಯಿ, ದೆಹಲಿಯಂಥ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದರು. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಆಗಿನ ಎಚ್ಚರಿಕೆಯ ಮಿತಿಗಿಂತ ಹೆಚ್ಚು ಸೀಸ! 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ಕೂಡಿಸಿ ವಿಷಯ ಮುಂದಿಟ್ಟರು. 2000ದ ಫೆಬ್ರವರಿಯಿಂದ ದೇಶವೆಲ್ಲ ಸೀಸವಿಲ್ಲದ ಪೆಟ್ರೋಲು ಬಂತು. ಇದಕ್ಕೂ ಬೇರೆ ಕೈಗಳು ದುಡಿದಿವೆ, ನ್ಯಾಯಾಲಯಗಳ ಪಾತ್ರವೂ ಇದೆ. ಆದರೆ ನಮ್ಮ ಮಕ್ಕಳ ರಕ್ತದ ಲೆಕ್ಕವನ್ನು ನಮ್ಮವರೇ ಮಾಡಿದ್ದರಿಂದ, ಅದು ಅಮೆರಿಕದ ಮಾತು, ನಮಗೆ ಹೊಂದುವುದಿಲ್ಲ ಎಂದು ತಳ್ಳಿಹಾಕಲು ಯಾರಿಗೂ ಆಗಲಿಲ್ಲ. ಸೀಸದ ಪೆಟ್ರೋಲನ್ನು ಕೊನೆಗೆ ಬಿಟ್ಟ ದೇಶ ಅಲ್ಜೀರಿಯಾ, 2021ರಲ್ಲಿ. ಹ್ಯಾಮಿಲ್ಟನ್ ಬೇಡ ಎಂದು ಹೇಳಿ ಆಗಲೇ 96 ವರ್ಷ ಆಗಿತ್ತು.

ಹಾಗೆಂದು ಎಲ್ಲ ಕಥೆಯೂ ಇಷ್ಟು ಉದ್ದವಾಗಬೇಕಿಲ್ಲ. ನಮ್ಮ ಅಡುಗೆಮನೆಯ ಅರಿಶಿನದ ಕಥೆ ಕೇಳಿ. ಬಾಂಗ್ಲಾದೇಶದ ಬಸುರಿ ಹೆಂಗಸರ ರಕ್ತದಲ್ಲಿ ಸೀಸ ಎಲ್ಲಿಂದ ಬಂತು ಎಂದು ಅಲ್ಲಿನ ಮತ್ತು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಹುಡುಕಿದರು. ಹೊಲ, ನೀರು, ಪಾತ್ರೆ ಎಲ್ಲ ನೋಡಿದ ಮೇಲೆ ಸಿಕ್ಕಿದ್ದು ಅರಿಶಿನ. 1980ರ ದಶಕದ ಪ್ರವಾಹದಲ್ಲಿ ನೆನೆದು ಮಂಕಾದ ಕೊಂಬಿಗೆ ಹೊಳಪು ಬರಲಿ ಎಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಹಚ್ಚಲು ಶುರುಮಾಡಿದ್ದು ರೂಢಿಯಾಗಿಬಿಟ್ಟಿತ್ತು. ಸಂಶೋಧಕರು ಲೇಖನ ಬರೆದು ಸುಮ್ಮನಾಗಲಿಲ್ಲ. ಆಹಾರ ಸುರಕ್ಷತೆಯ ಅಧಿಕಾರಿಗಳ ಬಳಿ ಹೋದರು, ಪತ್ರಿಕೆಗಳಿಗೆ ಹೇಳಿದರು. ಢಾಕಾದ ಶ್ಯಾಮಬಜಾರಿನ ಸಗಟು ಮಾರುಕಟ್ಟೆಯಲ್ಲಿ ಅಧಿಕಾರಿಗಳು ಯಂತ್ರ ಹಿಡಿದು ಅಲ್ಲೇ ಪರೀಕ್ಷಿಸಿ ದಂಡ ಹಾಕಿದರು. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇಕಡಾ 47ರಷ್ಟು ಕಲಬೆರಕೆ, 2021ರಲ್ಲಿ ಸೊನ್ನೆ. ಎರಡೇ ವರ್ಷ! ಸಂಶೋಧಕ, ಅಧಿಕಾರಿ, ಪತ್ರಕರ್ತ ಒಟ್ಟಿಗೆ ನಿಂತರೆ ಆಗುವ ಕೆಲಸ ಇದು. ಓದುವಾಗಲೇ ಎದೆ ತುಂಬಿಬರುತ್ತದೆ.

ಇಷ್ಟೆಲ್ಲ ಮಾತಾಡಿದ ಮೇಲೆ ನನಗೆ ಉಳಿಯುವ ನಂಬಿಕೆ ಒಂದೇ. ಕಂಡಷ್ಟನ್ನೇ ಹೇಳಬೇಕು, ಆದರೆ ಹೇಳಿಯೇ ಹೇಳಬೇಕು. ಹೆಚ್ಚು ಹೇಳಿದರೆ ನಂಬಿಕೆ ಹೋಗುತ್ತದೆ, ಹೇಳದೆ ಉಳಿದರೆ ಮಕ್ಕಳು ಹೋಗುತ್ತಾರೆ. ಇಷ್ಟು ಗೊತ್ತು, ಇಷ್ಟು ಇನ್ನೂ ಗೊತ್ತಿಲ್ಲ ಎಂದು ಬಿಡಿಸಿ ಹೇಳುವ ವೈದ್ಯ ಟಿವಿಯಲ್ಲಿ ಕಂಡರೆ ದಯವಿಟ್ಟು ಚಾನೆಲ್ ಬದಲಿಸಬೇಡಿ. ಅಂಥವರ ಬೆನ್ನಿಗೆ ನಿಲ್ಲುವುದು ನಮ್ಮ ಪಾಲಿನ ಕೆಲಸ.

ಇನ್ನೊಂದು ಮಾತು, ಅರಿಶಿನ ಎಂದಾಗಲೇ ಹೇಳಬೇಕಿತ್ತು. ಪುಡಿ ಬೇಡ, ಕೊಂಬು ತಂದು ಬೀಸಿಸಿಕೊಳ್ಳುತ್ತೇವೆ ಎನ್ನುವವರು ಕೊಂಬನ್ನೂ ನೋಡಿಯೇ ಕೊಳ್ಳಿ. ಬಣ್ಣ ಹಚ್ಚುತ್ತಿದ್ದದ್ದೇ ಕೊಂಬಿಗೆ. ತೀರಾ ಹೊಳೆಯುವುದಕ್ಕಿಂತ ಸ್ವಲ್ಪ ಮಂಕಾದದ್ದೇ ವಾಸಿ. ಮನೆಗೆ ಬಣ್ಣ ಹೊಡೆಸುವವರು ಡಬ್ಬದ ಮೇಲೆ ಸೀಸದ ಪ್ರಮಾಣ ಓದಿ. 2017ರ ನವೆಂಬರಿನಿಂದ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚಿರಬಾರದು ಎಂಬುದು ನಮ್ಮ ದೇಶದ ನಿಯಮ. ಗೌರಿ ಗಣೇಶನ ಹಬ್ಬಕ್ಕೂ ಬಣ್ಣವಿಲ್ಲದ ಮಣ್ಣಿನ ಗಣಪನೇ ಚೆಂದ, ನಮ್ಮ ಕೆರೆಗೂ ಒಳ್ಳೆಯದು. ಬೇಗ ಹೇಳಿಟ್ಟರೆ ಕುಂಬಾರರ ಮನೆಯಲ್ಲಿ ಸಿಗುತ್ತದೆ.